ಕಡಲು ಕಪ್ಪಾಗುವ ತಿಂಗಳು

ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳ ನಡುವಿನಲ್ಲೋ ಕೊನೆಯ ವಾರದಲ್ಲೋ ಅಮೆರಿಕದ ಬೌಲ್ಡರ್ ನಗರದಲ್ಲಿರುವ ರಾಷ್ಟ್ರೀಯ ಹಿಮ ದತ್ತಾಂಶ ಕೇಂದ್ರದಿಂದ ಒಂದು ಸಂಖ್ಯೆ ಹೊರಬೀಳುತ್ತದೆ. ಬೇಸಿಗೆಯುದ್ದಕ್ಕೂ ಕರಗಿದ ಮೇಲೆ ಆರ್ಕ್ಟಿಕ್ ಸಾಗರದಲ್ಲಿ ಎಷ್ಟು ಮಂಜುಗಡ್ಡೆ ಉಳಿದಿದೆ ಎಂಬ ಲೆಕ್ಕ ಅದು. 1980ರ ಆಸುಪಾಸಿನಲ್ಲಿ ಅದು 70 ಲಕ್ಷ ಚದರ ಕಿಲೋಮೀಟರಿನಷ್ಟು ಇರುತ್ತಿತ್ತು, ಅಂದರೆ ಎರಡು ಭಾರತಗಳಿಗಿಂತ ತುಸು ಹೆಚ್ಚು. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷಕ್ಕೆ ಇಳಿಯಿತು. ಒಂದು ಭಾರತದಷ್ಟು ಮಂಜುಗಡ್ಡೆ ಲೆಕ್ಕದಿಂದ ಕಾಣೆಯಾಗಿತ್ತು. ಪತ್ರಿಕೆಗಳು ಈ ಸಂಖ್ಯೆಯನ್ನು ಮುಖಪುಟದಲ್ಲಿ ಹಾಕುತ್ತವೆ. ಜೊತೆಗೆ, ಬಿಳಿಯ ಮಂಜುಗಡ್ಡೆ ಹೋದರೆ ಕಪ್ಪು ಕಡಲು ಬಿಸಿಲನ್ನು ಹೀರಿಕೊಳ್ಳುತ್ತದೆ, ಅದರಿಂದ ಭೂಮಿ ಇನ್ನಷ್ಟು ಕಾಯುತ್ತದೆ ಎಂಬ ಒಂದು ವಾಕ್ಯವನ್ನೂ ತಪ್ಪದೆ ಸೇರಿಸುತ್ತವೆ. ಸಂಖ್ಯೆಯೂ ಸರಿ, ವಾಕ್ಯವೂ ಸರಿ. ಆದರೆ ಎರಡನ್ನೂ ಒಂದೇ ಸುದ್ದಿಯೊಳಗೆ ಕಟ್ಟಿಹಾಕುವುದು ಅಷ್ಟು ಸರಿಯಲ್ಲ. ಸೆಪ್ಟೆಂಬರ್ 22-23ರ ಹೊತ್ತಿಗೆ ಉತ್ತರ ಧ್ರುವದಲ್ಲಿ ಸೂರ್ಯ ಮುಳುಗುತ್ತಾನೆ, ಮತ್ತೆ ಮುಖ ತೋರಿಸುವುದು ಆರು ತಿಂಗಳಿಗೆ. ಬಿಸಿಲೇ ಇಲ್ಲದ ಹೊತ್ತಿನಲ್ಲಿ ಕಡಲು ಕಪ್ಪಾಗಿದ್ದರೇನು, ಬೆಳ್ಳಗಿದ್ದರೇನು?

ಆರ್ಕ್ಟಿಕ್ ಎಂದರೆ ಸದಾ ಮಂಕು ಬೆಳಕಿನ ಲೋಕ ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಜೂನ್ 21ರಂದು ಅದು ಪೂರ್ತಿ ಸುಳ್ಳು. ಅಂದು ವಾತಾವರಣದ ಮೇಲಂಚಿಗೆ ಬಂದು ತಲುಪುವ ಬಿಸಿಲನ್ನು 24 ಗಂಟೆಗಳ ಸರಾಸರಿಯಾಗಿ ಲೆಕ್ಕ ಹಾಕಿದರೆ ಉತ್ತರ ಧ್ರುವಕ್ಕೆ ಚದರ ಮೀಟರಿಗೆ 520 ವ್ಯಾಟಿಗೂ ಹೆಚ್ಚು ಸಿಗುತ್ತದೆ, ಭೂಮಧ್ಯರೇಖೆಗೆ 390 ವ್ಯಾಟ್ ಕೂಡ ಸಿಗುವುದಿಲ್ಲ. ಧ್ರುವದ ಸೂರ್ಯ ದಿಗಂತದಿಂದ ಇಪ್ಪತ್ತಮೂರೂವರೆ ಡಿಗ್ರಿಗಿಂತ ಮೇಲೇರುವುದಿಲ್ಲ ನಿಜ, ಆದರೆ ಅಲ್ಲಿ ರಾತ್ರಿಯೇ ಇಲ್ಲ. ಇದೇ ಲೆಕ್ಕ 75 ಡಿಗ್ರಿ ಅಕ್ಷಾಂಶದಲ್ಲಿ ಜೂನ್ ಕೊನೆಗೆ 500 ವ್ಯಾಟಿನ ಆಸುಪಾಸಿನಲ್ಲಿದ್ದರೆ, ಸೆಪ್ಟೆಂಬರಿನ ವಿಷುವದ ದಿನ ಸುಮಾರು 110ಕ್ಕೆ ಕುಸಿದಿರುತ್ತದೆ. ಹಾಗಾಗಿ ಕಡಲ ಮಂಜುಗಡ್ಡೆ ಭೂಮಿಗೆ ಕನ್ನಡಿಯಾಗಿ ಎಷ್ಟು ದುಡಿಯುತ್ತದೆ ಎಂದು ಅಳೆಯಬೇಕಾದರೆ ವರ್ಷದ ಕೊನೆಗೆ ಉಳಿದ ವಿಸ್ತೀರ್ಣವನ್ನಷ್ಟೇ ನೋಡಿದರೆ ಸಾಲದು. ಮೇ ಕೊನೆಯಿಂದ ಜುಲೈವರೆಗಿನ ವಾರಗಳಲ್ಲಿ ಅದರ ಮೈ ಯಾವಾಗ, ಎಷ್ಟು ಬಣ್ಣಗೆಟ್ಟಿತು ಎಂದು ನೋಡಬೇಕು. ಈ ಅಧ್ಯಾಯದ ವಾದ ಇಷ್ಟೇ. ಈ ಲೆಕ್ಕದಲ್ಲಿ ವಿಸ್ತೀರ್ಣಕ್ಕಿಂತ ಕ್ಯಾಲೆಂಡರಿನ ತೂಕ ಹೆಚ್ಚು.

ಒಂದು ಮೈ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲನ್ನು ಹಿಂದಕ್ಕೆ ಕಳಿಸುತ್ತದೆ ಎಂಬ ಅಳತೆಗೆ ಆಲ್ಬೆಡೊ ಎನ್ನುತ್ತಾರೆ. ಒಣ ಹಿಮ ಹೊದ್ದ ಮಂಜುಗಡ್ಡೆಯ ಆಲ್ಬೆಡೊ 0.85ರಷ್ಟು, ಅಂದರೆ ನೂರರಲ್ಲಿ 85 ಪಾಲು ವಾಪಸ್. ಹಿಮ ಹೋಗಿ ಬರಿಮೈಯಾದ ಮಂಜುಗಡ್ಡೆಯದು 0.65ರ ಸುತ್ತಮುತ್ತ. ತೆರೆದ ಕಡಲಿನದು 0.07. ಪಠ್ಯಪುಸ್ತಕಗಳು ಮೊದಲ ಮತ್ತು ಕೊನೆಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ಬಿಳಿ ಹೋಗಿ ಕಪ್ಪು ಬಂತು ಎಂದು ಮುಗಿಸಿಬಿಡುತ್ತವೆ. ನಡುವೆ ಏನಾಗುತ್ತದೆ ಎಂಬುದೇ ಕಥೆಯ ಮುಖ್ಯ ಭಾಗ. ಅದನ್ನು ಹತ್ತಿರದಿಂದ ನೋಡಲೆಂದೇ 1997ರ ಅಕ್ಟೋಬರಿನಲ್ಲಿ ಕೆನಡಾದ ‘ದೆ ಗ್ರೋಸೆಲ್ಯೇ’ ಎಂಬ ಹಡಗನ್ನು ಅಲಾಸ್ಕಾದ ಉತ್ತರಕ್ಕಿರುವ ಬ್ಯೂಫೋರ್ಟ್ ಸಮುದ್ರದ ಮಂಜುಗಡ್ಡೆಯಲ್ಲಿ ಬೇಕೆಂದೇ ಸಿಕ್ಕಿಸಿ, ಒಂದು ಇಡೀ ವರ್ಷ ಅದು ತೇಲಿದ ಕಡೆ ತೇಲಲು ಬಿಟ್ಟರು. ‘ಶೀಬಾ’ ಎಂಬ ಹೆಸರಿನ ಆ ಯೋಜನೆಯಲ್ಲಿ ಡಾನ್ ಪೆರೊವಿಚ್ ಮತ್ತು ಸಂಗಡಿಗರು ಮಂಜುಗಡ್ಡೆಯ ಮೇಲೆ 200 ಮೀಟರ್ ಉದ್ದದ ಒಂದು ಗೆರೆ ಗುರುತಿಸಿಕೊಂಡು, ಪ್ರತಿ ಎರಡೂವರೆ ಮೀಟರಿಗೊಮ್ಮೆ ನಿಂತು, ಮೇಲಿನಿಂದ ಬೀಳುವ ಬೆಳಕನ್ನೂ ಕೆಳಗಿನಿಂದ ಹಿಂದಿರುಗುವ ಬೆಳಕನ್ನೂ ಅಳೆಯುತ್ತ ಹೋದರು. ಅದೇ ಗೆರೆ, ಅದೇ ಜಾಗ, ವಸಂತದಿಂದ ಶರತ್ಕಾಲದವರೆಗೆ. ಏಪ್ರಿಲಿನಲ್ಲಿ ಗೆರೆಯ ಸರಾಸರಿ ಆಲ್ಬೆಡೊ 0.8ರಿಂದ 0.9ರ ನಡುವೆ ಇತ್ತು. ಮೇ ಕೊನೆಯಲ್ಲಿ ಒಂದು ಮಳೆ ಬಿತ್ತು, ಒಣ ಹಿಮ ಒದ್ದೆಯಾಗಿ ಅದರ ಹರಳುಗಳು ದಪ್ಪಗಾದವು, ಹೊಳಪು ತಗ್ಗಿತು. ಅಲ್ಲಿಂದ ಮುಂದೆ ಇಳಿಮುಖ. ಆಗಸ್ಟ್ ಮೊದಲ ವಾರಕ್ಕೆ ಸರಾಸರಿ 0.4ಕ್ಕೆ ಬಂದು ನಿಂತಿತ್ತು. ಗಮನಿಸಬೇಕಾದ ಸಂಗತಿ ಎಂದರೆ ಆ ಗೆರೆಯ ಕೆಳಗಿನ ಮಂಜುಗಡ್ಡೆ ಆಗಲೂ ಅಲ್ಲೇ ಇತ್ತು. ವಿಸ್ತೀರ್ಣದ ಲೆಕ್ಕ ಬರೆಯುವವನ ಪುಸ್ತಕದಲ್ಲಿ ನಷ್ಟ ಸೊನ್ನೆ. ಬಿಸಿಲಿನ ಲೆಕ್ಕ ಬರೆಯುವವನ ಪುಸ್ತಕದಲ್ಲಿ ಹೀರಿಕೆ ಮೂರು ನಾಲ್ಕು ಪಟ್ಟು ಏರಿತ್ತು.

ಮಂಜುಗಡ್ಡೆ ಇದ್ದೂ ಕಪ್ಪಾಗುವುದು ಹೊಂಡಗಳಿಂದ. ಕರಗಿದ ಹಿಮದ ನೀರು ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ತಿಳಿನೀಲಿ, ದಿನ ಕಳೆದಂತೆ ಕಡುನೀಲಿ, ತಳ ತೆಳುವಾದಂತೆ ಹೆಚ್ಚುಕಡಿಮೆ ಕಪ್ಪು. ಇವುಗಳ ಆಲ್ಬೆಡೊ 0.2ರಿಂದ 0.4ರೊಳಗೆ. ಮಂಜುಗಡ್ಡೆಯ ಮೈಯಲ್ಲಿ ಉಪ್ಪುನೀರಿನ ಸಣ್ಣ ಸಣ್ಣ ನಾಳಗಳಿರುತ್ತವಲ್ಲ, ನೀರು ಅವುಗಳ ಮೂಲಕ ಕಡಲಿಗೆ ಸೋರಿಹೋಗಬೇಕಿತ್ತು. ಆದರೆ ಮೇಲಿನಿಂದ ಇಳಿಯುವುದು ಸಿಹಿನೀರು. ಅದು ಸೊನ್ನೆಗಿಂತ ತಣ್ಣಗಿರುವ ನಾಳದೊಳಗೆ ಇಳಿಯುತ್ತಲೇ ಹೆಪ್ಪುಗಟ್ಟಿ ಬಾಯಿ ಮುಚ್ಚಿಬಿಡುತ್ತದೆ. ಹಾಗಾಗಿ ಮೊದಲ ಕೆಲವು ವಾರ ಹೊಂಡಗಳು ಬತ್ತುವುದಿಲ್ಲ, ಅಗಲಕ್ಕೆ ಹಬ್ಬುತ್ತವೆ. ಸೂರ್ಯ ಅತಿ ಎತ್ತರದಲ್ಲಿರುವುದೂ ಅದೇ ವಾರಗಳಲ್ಲಿ.

ಒಂದು ದಿನ ಮುಂಚೆ ಕರಗಲು ಶುರುವಾದರೆ ಏನು ವ್ಯತ್ಯಾಸ ಎಂದು ಪೆರೊವಿಚ್ ತಂಡ 2007ರಲ್ಲಿ ಲೆಕ್ಕ ಹಾಕಿತು. ಕರಗುವಿಕೆ ಒಂದು ದಿನ ಮೊದಲೇ ಆರಂಭವಾದರೆ ಆ ಇಡೀ ಋತುವಿನಲ್ಲಿ ಪ್ರತಿ ಚದರ ಮೀಟರು ಹೆಚ್ಚುವರಿಯಾಗಿ ಹೀರುವ ಶಾಖ 8.7 ಮೆಗಾಜೂಲ್. ಅದೇ ಶರತ್ಕಾಲದಲ್ಲಿ ಹೆಪ್ಪುಗಟ್ಟುವುದು ಒಂದು ದಿನ ತಡವಾದರೆ ಸಿಗುವ ಹೆಚ್ಚುವರಿ ಶಾಖ ಬರೀ 1.5 ಮೆಗಾಜೂಲ್. 8.7 ಮೆಗಾಜೂಲ್ ಅಂದರೆ ಸುಮಾರು ಮೂರು ಸೆಂಟಿಮೀಟರ್ ದಪ್ಪದ ಮಂಜುಗಡ್ಡೆಯನ್ನು ಕರಗಿಸಲು ಸಾಕಾಗುವಷ್ಟು. ಒಂದು ವಾರ ಮುಂಚೆ ಶುರುವಾದರೆ ಒಂದು ಗೇಣಿನ ಹತ್ತಿರಕ್ಕೆ ಹೋಯಿತು. ಒಂದೇ ಒಂದು ದಿನದ ತೂಕ ವಸಂತದಲ್ಲಿ ಇಷ್ಟು, ಶರತ್ತಿನಲ್ಲಿ ಇಷ್ಟೇ ಏಕೆ ಎಂದರೆ, ವಸಂತದ ಆ ದಿನ ಮುಂದಿನ ಎಲ್ಲ ದಿನಗಳನ್ನೂ ಒಂದೊಂದು ಹೆಜ್ಜೆ ಮುಂದಕ್ಕೆ ತಳ್ಳುತ್ತದೆ, ಬಿಸಿಲು ತುಂಬಿರುವಾಗಲೇ ತಳ್ಳುತ್ತದೆ. 2014ರಲ್ಲಿ ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಇನ್ನೊಂದು ತುದಿಯಿಂದ ತೋರಿಸಿಕೊಟ್ಟರು. ವಸಂತದಲ್ಲಿ ಹೊಂಡಗಳು ಎಷ್ಟು ಹಬ್ಬಿವೆ ಎಂದು ಗೊತ್ತಾದರೆ ಸೆಪ್ಟೆಂಬರಿನಲ್ಲಿ ಎಷ್ಟು ಮಂಜುಗಡ್ಡೆ ಉಳಿಯುತ್ತದೆ ಎಂದು ತಕ್ಕಮಟ್ಟಿಗೆ ಮುಂಚಿತವಾಗಿ ಹೇಳಬಹುದು. ಸುದ್ದಿಯಾಗುವ ಸಂಖ್ಯೆ ನಾಲ್ಕು ತಿಂಗಳ ಹಿಂದೆಯೇ ಬಹುಪಾಲು ಬರೆದಾಗಿರುತ್ತದೆ.

ಇದರ ಜೊತೆಗೆ ಮಂಜುಗಡ್ಡೆಯ ವಯಸ್ಸೂ ಇಳಿದಿದೆ. 1980ರ ದಶಕದ ನಡುವಿನಲ್ಲಿ ಆರ್ಕ್ಟಿಕ್‌ನ ಚಳಿಗಾಲದ ಮಂಜುಗಡ್ಡೆಯಲ್ಲಿ ಸುಮಾರು ಮೂರನೇ ಒಂದು ಪಾಲು ನಾಲ್ಕು ವರ್ಷ ದಾಟಿದ ಹಳೆಯ ಗಡ್ಡೆ. ಈಗ ಅಂಥದ್ದು ನೂರಕ್ಕೆ ಐದು ಪಾಲೂ ಇಲ್ಲ. ಹಳೆಯ ಗಡ್ಡೆ ಉಬ್ಬುತಗ್ಗಿನದು, ನೀರು ಅದರ ಆಳವಾದ ತಗ್ಗುಗಳಲ್ಲಿ ಅಡಗಿ ನಿಲ್ಲುತ್ತದೆ. ಒಂದೇ ಚಳಿಗಾಲದಲ್ಲಿ ಕಟ್ಟಿದ ಎಳೆಯ ಗಡ್ಡೆ ಚಪ್ಪಟೆ, ಸ್ವಲ್ಪ ನೀರು ಬಿದ್ದರೂ ಉದ್ದಗಲಕ್ಕೆ ಹರಡಿಕೊಳ್ಳುತ್ತದೆ. 2011ರ ಬೇಸಿಗೆಯಲ್ಲಿ ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗಿನಿಂದ ಮಂಜುಗಡ್ಡೆಯ ಅಡಿಗೆ ಯಂತ್ರ ಇಳಿಸಿ ಅಳೆದಾಗ, ಎಳೆಯ ಗಡ್ಡೆ ಹಳೆಯದಕ್ಕಿಂತ ಸುಮಾರು ಮೂರು ಪಟ್ಟು ಬೆಳಕನ್ನು ಕೆಳಗಿನ ಕಡಲಿಗೆ ಬಿಟ್ಟುಕೊಡುತ್ತದೆ ಎಂದು ಕಂಡಿತು. ಉಪಗ್ರಹದ ನಕ್ಷೆಯಲ್ಲಿ ಎರಡಕ್ಕೂ ಒಂದೇ ಬಿಳಿ ಬಣ್ಣ.

ಇಷ್ಟು ಹೊತ್ತು ಹೇಳಿದ್ದೆಲ್ಲ ಮಂಜುಗಡ್ಡೆಯ ಮೇಲೆ ನಿಂತು ನೋಡಿದ್ದು. ಬಾಹ್ಯಾಕಾಶದಿಂದ ನೋಡಿದರೂ ಇದು ಕಾಣಬೇಕಲ್ಲವೆ? ಕಂಡಿದೆ. ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಕ್ರಿಸ್ಟಿನಾ ಪಿಸ್ಟೋನ್, ಇಯಾನ್ ಐಸೆನ್‌ಮನ್ ಮತ್ತು ವೀರಭದ್ರನ್ ರಾಮನಾಥನ್ ಈ ಕೆಲಸ ಮಾಡಿದರು. ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಹೋದವರು, ಫ್ರಿಜ್ಜಿನ ಅನಿಲಗಳಾದ ಸಿಎಫ್‌ಸಿಗಳೂ ಭೂಮಿಯನ್ನು ಕಾಯಿಸುತ್ತವೆ ಎಂದು 1975ರಲ್ಲೇ ಲೆಕ್ಕ ಹಾಕಿ ತೋರಿಸಿದವರು. ನಾಸಾದ ‘ಸೀರಿಸ್’ ಉಪಕರಣಗಳು 2000ದಿಂದ ಭೂಮಿ ಹಿಂದಕ್ಕೆ ಎಸೆಯುವ ಬಿಸಿಲನ್ನು ನೇರವಾಗಿ ಅಳೆಯುತ್ತಿವೆ. ಮಂಜುಗಡ್ಡೆಯ ಹರವಿನ ಉಪಗ್ರಹ ದಾಖಲೆ ಅದಕ್ಕಿಂತ ಹಳೆಯದು, 1978ರ ಕೊನೆಯಿಂದ ಇದೆ. ಎರಡರ ನಂಟನ್ನು ಬಳಸಿ ಹಿಂದಿನ ವರ್ಷಗಳಿಗೂ ಲೆಕ್ಕ ಚಾಚಿದಾಗ ಸಿಕ್ಕ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. 1979 ಮತ್ತು 2011ರ ನಡುವೆ ಮೋಡಗಳನ್ನೂ ಸೇರಿಸಿದ ಆರ್ಕ್ಟಿಕ್ ಆಲ್ಬೆಡೊ 0.52ರಿಂದ 0.48ಕ್ಕೆ ಇಳಿದಿತ್ತು. ಆ ಪ್ರದೇಶ ಹೆಚ್ಚುವರಿಯಾಗಿ ಹೀರುತ್ತಿದ್ದ ಬಿಸಿಲು ಚದರ ಮೀಟರಿಗೆ ಸುಮಾರು 6.4 ವ್ಯಾಟ್. ಅದನ್ನು ಇಡೀ ಭೂಮಿಗೆ ಹಂಚಿದರೆ 0.21 ವ್ಯಾಟ್. ಚಿಕ್ಕದೆನಿಸುವ ಈ ಅಂಕಿಯನ್ನು ಭೂಮಿಯ 51 ಕೋಟಿ ಚದರ ಕಿಲೋಮೀಟರಿನಿಂದ ಗುಣಿಸಿ ನೋಡಿ, ಮನುಷ್ಯರೆಲ್ಲ ಸೇರಿ ಉರಿಸುವ, ಓಡಿಸುವ, ಬೆಳಗಿಸುವ ಒಟ್ಟು ಶಕ್ತಿಯ ಐದು ಪಟ್ಟಿಗೂ ಹೆಚ್ಚಾಗುತ್ತದೆ. ಅದೇ ಅವಧಿಯಲ್ಲಿ ಏರಿದ ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟ ಶಾಖದ ಜೊತೆ ಹೋಲಿಸಿದರೆ ಕಾಲು ಭಾಗ.

ಮೋಡಗಳ ಪ್ರಶ್ನೆ ಇಲ್ಲೇ ಏಳುತ್ತದೆ, ಏಳಬೇಕಾದದ್ದೇ. ಬೇಸಿಗೆಯ ಆರ್ಕ್ಟಿಕ್ ಆಕಾಶ ಬಹುಪಾಲು ಮುಚ್ಚಿಕೊಂಡೇ ಇರುತ್ತದೆ. ಕೆಳಗೆ ಬಿಳಿ ಹೋಗಿ ನೀರು ಬಂದರೆ ಆವಿ ಹೆಚ್ಚುತ್ತದೆ, ಆವಿಯಿಂದ ಮೋಡ ಹೆಚ್ಚುತ್ತದೆ, ಮೋಡವೂ ಬಿಳಿಯೇ. ಒಂದು ಕನ್ನಡಿ ಹೋದ ಜಾಗಕ್ಕೆ ಇನ್ನೊಂದು ಬಂದು ಕೂತರೆ ನಷ್ಟವೇನು ಎಂಬ ವಾದ ತರ್ಕಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಅಳತೆಗೆ ಒಪ್ಪಲಿಲ್ಲ. ಸೀರಿಸ್ ಅಳೆಯುವುದು ಮೋಡಗಳ ಮೇಲಿನಿಂದ, ಅವು ಹೆಚ್ಚಿ ಸರಿದೂಗಿಸಿದ್ದರೆ ಆಲ್ಬೆಡೊ ಇಳಿಯಲೇಬಾರದಿತ್ತು. ಮೋಡ ನಷ್ಟದ ಒಂದು ಪಾಲನ್ನು ಮರೆಮಾಡುತ್ತದೆ, ಇಲ್ಲವೆಂದಲ್ಲ. 0.85ರಿಂದ 0.07ಕ್ಕೆ ಬೀಳಬೇಕಾದದ್ದು ಮೇಲಿನಿಂದ ನೋಡುವವರಿಗೆ ಅಷ್ಟು ಕಡಿದಾಗಿ ಕಾಣದಿರುವುದು ಅದಕ್ಕೇ. ಆದರೆ ಮರೆಮಾಡುವುದು ಬೇರೆ, ಭರ್ತಿ ಮಾಡುವುದು ಬೇರೆ. ಇನ್ನೊಂದು ಸಂಗತಿಯನ್ನು ಜೆನಿಫರ್ ಕೇ ಮತ್ತು ಆಂಡ್ರ್ಯೂ ಗೆಟಲ್‌ಮನ್ 2009ರಲ್ಲಿ ತೋರಿಸಿದರು. ಬೇಸಿಗೆಯಲ್ಲಿ ತೆರೆದ ನೀರಿನ ಮೇಲೆ ಮೋಡ ಹೆಚ್ಚುವುದಿಲ್ಲ, ಏಕೆಂದರೆ ಆಗ ನೀರಿಗೂ ಗಾಳಿಗೂ ಬಿಸಿಯಲ್ಲಿ ಅಂಥ ಅಂತರವಿಲ್ಲ, ಆವಿಗೆ ಮೇಲೇಳುವ ಅವಸರವಿಲ್ಲ. ಹೆಚ್ಚುವುದು ಶರತ್ಕಾಲದಲ್ಲಿ, ಗಾಳಿ ತಣ್ಣಗಾಗಿ ನೀರು ಬೆಚ್ಚಗಿರುವಾಗ. ಅಷ್ಟರಲ್ಲಿ ತಡೆಯಲು ಬಿಸಿಲು ಉಳಿದಿರುವುದಿಲ್ಲ. ಉಳಿದಿರುವುದು ನೆಲದಿಂದ ಮೇಲೇಳುವ ಶಾಖ. ಮೋಡ ಅದನ್ನು ಕಂಬಳಿ ಹೊದಿಸಿದ ಹಾಗೆ ಹಿಡಿದಿಡುತ್ತದೆ. ಮತ್ತೆ ಕ್ಯಾಲೆಂಡರ್ ನಮ್ಮ ವಿರುದ್ಧ.

ಓರೆಯಾಗಿ ಬೀಳುವ ಬಿಸಿಲನ್ನು ನೀರೂ ಹೆಚ್ಚಾಗಿ ಪ್ರತಿಫಲಿಸುತ್ತದೆ ಎಂಬ ಆಕ್ಷೇಪ ಭೌತಶಾಸ್ತ್ರ ಬಲ್ಲವರಿಂದ ಬರುತ್ತದೆ. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ ಶಾಂತ ನೀರು ಮೂರನೇ ಒಂದು ಪಾಲನ್ನು ಹಿಂದಿರುಗಿಸುತ್ತದೆ ನಿಜ. 20 ಡಿಗ್ರಿಗೆ ಬರುವಷ್ಟರಲ್ಲಿ ಅದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, 75 ಡಿಗ್ರಿ ಅಕ್ಷಾಂಶದಲ್ಲಿ ಜೂನ್ ಮಧ್ಯಾಹ್ನದ ಸೂರ್ಯ 38 ಡಿಗ್ರಿ ಮೇಲಿರುತ್ತಾನೆ. ಮೋಡ ಕವಿದಿದ್ದರೆ ಬೆಳಕು ಎಲ್ಲ ದಿಕ್ಕಿನಿಂದ ಬರುತ್ತದೆ, ಕೋನದ ಮಾತೇ ಮುಗಿಯಿತು. ಈ ಆಕ್ಷೇಪ ಸೆಪ್ಟೆಂಬರಿಗೆ ಸರಿಹೊಂದುತ್ತದೆ, ಜೂನಿಗಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಒಂದಿದೆ. 1979ರಿಂದ 2021ರವರೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಕಾದಿದೆ ಎಂದು ಫಿನ್ಲೆಂಡಿನ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಲೆಕ್ಕ ಕೊಟ್ಟರು. ಆದರೆ ಆ ಏರಿಕೆ ಅತಿ ಹೆಚ್ಚು ಕಾಣುವುದು ಶರತ್ ಮತ್ತು ಚಳಿಗಾಲದಲ್ಲಿ, ಅಂದರೆ ಕತ್ತಲಲ್ಲಿ. ಬಿಸಿಲನ್ನು ಹೀರುವುದೇ ಕಾರಣವಾಗಿದ್ದರೆ ಜೂನ್-ಜುಲೈಯಲ್ಲಿ ಗಾಳಿ ಸುಡಬೇಕಿತ್ತು, ಅಲ್ಲವೆ? ಅರ್ಧ ಉತ್ತರ ಕಡಲಿನಲ್ಲಿದೆ. ಬೇಸಿಗೆಯಲ್ಲಿ ಬಂದ ಹೆಚ್ಚುವರಿ ಶಾಖ ಮಂಜುಗಡ್ಡೆ ಕರಗಿಸುವುದಕ್ಕೂ ನೀರನ್ನು ಬೆಚ್ಚಗಾಗಿಸುವುದಕ್ಕೂ ಖರ್ಚಾಗುತ್ತದೆ. ಕರಗುತ್ತಿರುವ ಗಡ್ಡೆಯ ಮೇಲಿನ ಗಾಳಿ ಸೊನ್ನೆ ಡಿಗ್ರಿಯ ಆಸುಪಾಸು ಬಿಟ್ಟು ಏರಲಾರದು. ಸೂರ್ಯ ಹೋದ ಮೇಲೆ ಕಡಲು ಆ ಶಾಖವನ್ನು ಗಾಳಿಗೆ ವಾಪಸ್ ಕೊಡುತ್ತದೆ, ತೆಳುವಾದ ಹೊಸ ಗಡ್ಡೆ ಅದನ್ನು ತಡೆಯುವಷ್ಟು ಶಕ್ತವಲ್ಲ. ಇನ್ನರ್ಧ ಉತ್ತರ ಆಲ್ಬೆಡೊದ ಹೊರಗಿದೆ, ಅದನ್ನು ಒಪ್ಪಿಕೊಳ್ಳಬೇಕು. ಧ್ರುವದ ಚಳಿಗಾಲದ ತಣ್ಣನೆ ಗಾಳಿ ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಅಲ್ಲಿ ಬಂದ ಶಾಖ ಮೇಲಕ್ಕೆ ಹರಡದೆ ಕೆಳಗೇ ಉಳಿಯುತ್ತದೆ. ಫೆಲಿಕ್ಸ್ ಪಿಥಾನ್ ಮತ್ತು ಥಾರ್ಸ್ಟೆನ್ ಮೌರಿಟ್ಸನ್ 2014ರಲ್ಲಿ ಹವಾಮಾನ ಮಾದರಿಗಳನ್ನು ಬಿಡಿಸಿ ನೋಡಿ, ಆರ್ಕ್ಟಿಕ್ ಅಷ್ಟು ವೇಗವಾಗಿ ಕಾಯುವುದಕ್ಕೆ ಇಂಥ ತಾಪಮಾನದ ಕಾರಣಗಳೇ ಮೊದಲು, ಆಲ್ಬೆಡೊ ಎರಡನೆಯದು ಎಂದರು. ಬಿಳಿ-ಕಪ್ಪಿನ ಕಥೆಯೊಂದನ್ನೇ ಹೇಳಿ ಇಡೀ ಆರ್ಕ್ಟಿಕ್ ಬಿಸಿಯನ್ನು ಅದರ ತಲೆಗೆ ಕಟ್ಟುವ ಬರಹಗಳು ಅರ್ಧ ಸತ್ಯ ಹೇಳುತ್ತಿವೆ.

ಹಾಗಾದರೆ ಈ ಸುತ್ತು ತನ್ನಷ್ಟಕ್ಕೆ ತಾನೇ ಉರುಳುತ್ತ, ನಿಲ್ಲದೆ ಹೋಗುತ್ತದೆಯೇ? ಈ ಭಯ ಹಳೆಯದು. ಗ್ಲಾಸ್ಗೋದ ಒಂದು ವಿದ್ಯಾಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಜವಾನನಾಗಿದ್ದು ಅಲ್ಲಿನ ಗ್ರಂಥಾಲಯದಲ್ಲಿ ಓದಿಯೇ ವಿಜ್ಞಾನಿಯಾದ ಜೇಮ್ಸ್ ಕ್ರಾಲ್, ಹಿಮಯುಗಗಳು ಬೆಳೆಯುವುದು ಹಿಮದ ಪ್ರತಿಫಲನದಿಂದಲೂ ಎಂದು 19ನೇ ಶತಮಾನದಲ್ಲೇ ವಾದಿಸಿದ್ದ. 1969ರಲ್ಲಿ ಲೆನಿನ್‌ಗ್ರಾಡಿನ ಮಿಖಾಯಿಲ್ ಬುಡಿಕೊ ಮತ್ತು ಅಮೆರಿಕದ ವಿಲಿಯಂ ಸೆಲ್ಲರ್ಸ್ ಒಬ್ಬರಿಗೊಬ್ಬರು ತಿಳಿಯದಂತೆ ಸರಳ ಸಮೀಕರಣಗಳನ್ನು ಕಟ್ಟಿ, ಬಿಸಿಲು ತುಸು ತಗ್ಗಿದರೂ ಹಿಮ ಹಬ್ಬುತ್ತ ಹಬ್ಬುತ್ತ ಭೂಮಿಯನ್ನೇ ಮುಚ್ಚಿಬಿಡಬಹುದು ಎಂದು ತೋರಿಸಿದರು. ಅದನ್ನು ತಿರುಗಿಸಿದರೆ ಮಂಜುಗಡ್ಡೆ ಒಂದು ಗಡಿ ದಾಟಿ ಕರಗಿದ ಮೇಲೆ ಮತ್ತೆ ಬಾರದು ಎಂಬ ಹೆದರಿಕೆ ಹುಟ್ಟುತ್ತದೆ. ಜನ ಇದನ್ನು ಚಕ್ರಬಡ್ಡಿಯಂತೆ ಕಲ್ಪಿಸಿಕೊಳ್ಳುತ್ತಾರೆ. ಆದರೆ ಚಕ್ರಬಡ್ಡಿಯಲ್ಲಿ ಪ್ರತಿ ವರ್ಷದ ಬಡ್ಡಿ ಹಿಂದಿನದಕ್ಕಿಂತ ದೊಡ್ಡದು, ಇಲ್ಲಿ ಪ್ರತಿ ಸುತ್ತಿನ ಸೇರ್ಪಡೆ ಹಿಂದಿನದಕ್ಕಿಂತ ಚಿಕ್ಕದು. ಉದಾಹರಣೆಗೆ, ಒಂದು ಡಿಗ್ರಿ ಬಿಸಿ ಬಿಳಿಯನ್ನು ಕರಗಿಸಿ ಐದನೇ ಒಂದು ಡಿಗ್ರಿ ಸೇರಿಸಿತು ಅಂದುಕೊಳ್ಳಿ, ಅದು ಇಪ್ಪತ್ತೈದನೇ ಒಂದು ಡಿಗ್ರಿ ಸೇರಿಸುತ್ತದೆ, ಅದು ಇನ್ನೂ ಚಿಕ್ಕದನ್ನು. ಎಷ್ಟು ಸುತ್ತು ಕೂಡಿದರೂ ಒಂದೂಕಾಲು ಡಿಗ್ರಿ ದಾಟುವುದಿಲ್ಲ. ಜೊತೆಗೆ ಚಳಿಗಾಲವೂ ಎದುರು ದಿಕ್ಕಿನಲ್ಲಿ ದುಡಿಯುತ್ತದೆ. ತೆರೆದ ನೀರು ಶಾಖವನ್ನು ಬೇಗ ಕಳೆದುಕೊಳ್ಳುತ್ತದೆ, ತೆಳು ಗಡ್ಡೆ ದಪ್ಪ ಗಡ್ಡೆಗಿಂತ ಬೇಗ ಬೆಳೆಯುತ್ತದೆ. ಸ್ಟೆಫನ್ ಟೀಟ್ಷೆ ಮತ್ತು ಸಹೋದ್ಯೋಗಿಗಳು 2011ರಲ್ಲಿ ಕಂಪ್ಯೂಟರ್ ಮಾದರಿಯೊಳಗೆ ಬೇಸಿಗೆಯ ಆರಂಭದಲ್ಲಿ ಆರ್ಕ್ಟಿಕ್ ಮಂಜುಗಡ್ಡೆಯನ್ನೆಲ್ಲ ತೆಗೆದುಹಾಕಿ ನೋಡಿದರು. ಸುಮಾರು ಎರಡು ವರ್ಷದಲ್ಲಿ ಅದು ಆ ಕಾಲದ ಹವಾಮಾನಕ್ಕೆ ತಕ್ಕಷ್ಟಕ್ಕೆ ಮರಳಿ ಬಂದಿತ್ತು.

2012ರ ದಾಖಲೆ ಒಂದು ದಶಕ ಕಳೆದರೂ ಮುರಿಯದಿರುವುದನ್ನು ಮುಂದಿಟ್ಟು, ಕರಗುವುದು ನಿಂತಿದೆ ಎನ್ನುವವರಿದ್ದಾರೆ. ಗಾಳಿ, ಸಾಗರದ ಹರಿವುಗಳಿಂದ ಹತ್ತು ಹದಿನೈದು ವರ್ಷಗಳ ಏರಿಳಿತ ಸಹಜ. ಆ ಅವಧಿಯಲ್ಲಿ ಯಾವ ಸೆಪ್ಟೆಂಬರೂ 1980ರ ದಶಕದ ಮಟ್ಟದ ಹತ್ತಿರ ಸುಳಿದಿಲ್ಲ. ದಕ್ಷಿಣದಲ್ಲಿ ಅಂಟಾರ್ಕ್ಟಿಕಾದ ಸುತ್ತ ಮಂಜುಗಡ್ಡೆ ಹೆಚ್ಚುತ್ತಿದೆ, ಅಲ್ಲಿಗಲ್ಲಿಗೆ ಸರಿಹೋಯಿತು ಎಂಬ ಮಾತು 2014ರವರೆಗೆ ಕೇಳಿಬರುತ್ತಿತ್ತು. 2016ರಲ್ಲಿ ಅದೂ ಕುಸಿಯಿತು, 2023ರ ಫೆಬ್ರವರಿಯಲ್ಲಿ 18 ಲಕ್ಷ ಚದರ ಕಿಲೋಮೀಟರಿಗಿಂತ ಕೆಳಗಿಳಿಯಿತು. ಆ ಮಾತು ಈಗ ಕೇಳುವುದಿಲ್ಲ.

ಇಲ್ಲಿ ಒಂದು ಅಂಕಿಯನ್ನು ಸರಿಯಾದ ಜಾಗದಲ್ಲಿ ಇಡಬೇಕು. ಪಿಸ್ಟೋನ್ ತಂಡ 2019ರಲ್ಲಿ, ಬಿಸಿಲಿರುವ ತಿಂಗಳುಗಳಲ್ಲೆಲ್ಲ ಆರ್ಕ್ಟಿಕ್ ಬರಿದಾಗಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿತು. ಜಗತ್ತಿನ ಸರಾಸರಿಯಲ್ಲಿ ಚದರ ಮೀಟರಿಗೆ 0.71 ವ್ಯಾಟ್ ಹೆಚ್ಚಳ, ಅಂದರೆ ಒಂದು ಲಕ್ಷ ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಒಮ್ಮೆಲೇ ಗಾಳಿಗೆ ಬಿಟ್ಟಷ್ಟು. ‘ಮಂಜುಗಡ್ಡೆಯಿಲ್ಲದ ಮೊದಲ ಸೆಪ್ಟೆಂಬರ್’ ಬಂದೊಡನೆ ಇದು ಸಂಭವಿಸುತ್ತದೆ ಎಂದು ಬರೆಯುವವರು ಎರಡು ಬೇರೆ ಬೇರೆ ಘಟನೆಗಳನ್ನು ಬೆರೆಸುತ್ತಿದ್ದಾರೆ. ಸೆಪ್ಟೆಂಬರ್ ಬರಿದಾಗುವುದು ಇದರ ಸಣ್ಣ ತುಣುಕು, ಮೇ ಮತ್ತು ಜೂನ್ ಬರಿದಾಗುವುದು ದೊಡ್ಡ ಹೊರೆ. ಅಷ್ಟು ದೂರ ಹೋಗಲು ಭೂಮಿ ಇನ್ನೂ ಬಹಳ ಕಾಯಬೇಕು. ಹೋಗುವುದೋ ಬಿಡುವುದೋ ಎಂಬುದನ್ನು ಮಂಜುಗಡ್ಡೆ ತಾನಾಗಿ ನಿರ್ಧರಿಸುವುದಿಲ್ಲ. ಆಲ್ಬೆಡೊ ದನಿ ಹಿಗ್ಗಿಸುವ ಕೆಲಸವನ್ನಷ್ಟೇ ಮಾಡುತ್ತದೆ, ದನಿ ನಮ್ಮದು. ಡಿರ್ಕ್ ನೋಟ್ಸ್ ಮತ್ತು ಜೂಲಿಯನ್ ಸ್ಟ್ರೋವ್ 2016ರಲ್ಲಿ ದಶಕಗಳ ಅಂಕಿಗಳನ್ನು ಜೋಡಿಸಿ ನೋಡಿದಾಗ, ಮನುಷ್ಯರು ಬಿಟ್ಟ ಇಂಗಾಲದ ಡೈಆಕ್ಸೈಡ್‌ನ ಮೊತ್ತಕ್ಕೂ ಸೆಪ್ಟೆಂಬರಿನ ಮಂಜುಗಡ್ಡೆಗೂ ನೇರ ಗೆರೆಯ ನಂಟು ಸಿಕ್ಕಿತು. ಒಂದು ಟನ್‌ಗೆ ಸುಮಾರು ಮೂರು ಚದರ ಮೀಟರ್ ಮಂಜುಗಡ್ಡೆ ಹೋಗುತ್ತದೆ. ಸರಾಸರಿ ಭಾರತೀಯನ ಪಾಲು ವರ್ಷಕ್ಕೆ ಸುಮಾರು ಎರಡು ಟನ್, ಅಂದರೆ ಆರು ಚದರ ಮೀಟರ್. ಸರಾಸರಿ ಅಮೆರಿಕನ್ನನ ಪಾಲು ನಲವತ್ತು ಚದರ ಮೀಟರಿನ ಆಸುಪಾಸು.